ಸಾಬಣ್ಣ ಹೊಲಿದ ಚೆಂಡು

ತೊಯ್ದ ತೊಗಲಿನ ವಾಸನೆ ಬಂದರೆ ಈಗಲೂ ನಮ್ಮೂರು ಅಂದೋಲದ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಅವತ್ತು ರಾತ್ರಿ ಊರಿಗೆಲ್ಲ ಒಂದೇ ಆಗಿದ್ದ ನಮ್ಮ ಟಿವಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ಶುರುವಾಗುವುದಿತ್ತು. ನನಗೂ ಚೆಂಡು ಬೇಕೆಂದು ವಾರದಿಂದ ಹಟ ಹಿಡಿದಿದ್ದೆ. ಚಪ್ಪಲಿ ಹೊಲಿಯುವ ಸಾಬಣ್ಣ ತೊಗಲಿಗೆ ಹತ್ತಿ ತುಂಬಿ, ಹೊಲಿದು ತಂದು, ಅಂಗಳದ ಅಂಚಿಗಿಟ್ಟು ದೂರ ನಿಂತ.

ಮುಂಜಾನೆ ನನಗೆ ವಚನ ಬಾಯಿಪಾಠ ಮಾಡಿಸಿದ್ದ ಅಜ್ಜಿ ಕೊಡ ತಂದು ಚೆಂಡಿನ ಮೇಲೆ ನೀರು ಸುರಿದಳು.

"ಅವ ಮುಟ್ಟಿದ್ದದ. ತೊಳೀದ ಹ್ಯಾಂಗ ಮುಟ್ತಿ?"

"ನೀರು ಹಾಕಬ್ಯಾಡ್ರಿ ಅವ್ವಾರ, ಹೊಲಿಗಿ ಬಿಡ್ತದ," ಅಂದ ಸಾಬಣ್ಣ.

ಅಜ್ಜಿ ಇನ್ನೊಂದು ಕೊಡ ಸುರಿದಳು.

ಮೂರನೇ ಒದೆತಕ್ಕೆ ಚೆಂಡು ಹರಿದು ಹತ್ತಿ ಹೊರಬಿತ್ತು. ಹುಡುಗರು ನಕ್ಕರು, ನಾನು ಅತ್ತೆ. ಅಷ್ಟೊತ್ತಿಗೆ ಹೊಲದಿಂದ ಬಂದ ಅಪ್ಪ ಕೇಳಿದ: "ಏನಾತಲೇ?"

ಅಜ್ಜಿ ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದಳು. "ಸಾಬಣ್ಣ ಸರಿ ಹೊಲಿದಿಲ್ಲ," ಅಂದೆ ನಾನು.

"ಆ ಹರಿದ ಚೆಂಡು ಅವನ ಕೊರಳಿಗೇ ಕಟ್ಟು. ಟಿವಿ ನೋಡಾಕ ಬಂದ ಮಂದಿ ಇವನ ಹೊಲಿಗೀನೂ ನೋಡ್ಲಿ," ಅಂದ ಅಪ್ಪ.

ನನ್ನ ಕೈಗೆ ಎಟುಕಲೆಂದು ಸಾಬಣ್ಣ ಬಗ್ಗಿದ. ನಾನು ಗಂಟು ಬಿಗಿದೆ.

ಅವನನ್ನು ಮುಟ್ಟಿದ್ದಕ್ಕೆ, ಟಿವಿ ಮುಂದೆ ಕೂರುವ ಮೊದಲು ಅಜ್ಜಿ ನನ್ನ ತಲೆಯ ಮೇಲೂ ಒಂದು ಕೊಡ ನೀರು ಸುರಿದಳು.