ನಾಲ್ಕೂ ಹತ್ತರ ಬಸ್ಸು

ಸರಿಯಾಗಿ ನಾಲ್ಕೂ ಹತ್ತಕ್ಕೆ ಕೊಡೆ ರಿಪೇರಿಯವನು, ಬಸ್ಸಿನ ನೆತ್ತಿಗೆ ತಾಗದಿರಲೆಂದು, ಅಂಗಡಿ ಮುಂದಿನ ಟಾರ್ಪಾಲನ್ನು ಗಳದಿಂದ ಮೇಲೆತ್ತಿದ. ಎತ್ತಿದ ಮೇಲೆ ನೆನಪಾಯಿತು: ಬೆಳಿಗ್ಗೆಯೇ ಸೇತುವೆ ತೆರೆದಿದ್ದಾರೆ, ಬಸ್ಸು ಇನ್ನು ಈ ಓಣಿಗೆ ಬರುವುದಿಲ್ಲ.

"ಯಾರಿಗ್ರೀ ಸಲಾಮು?" ಒಳಗಿನಿಂದ ಹೆಂಡತಿ ಕೇಳಿದಳು. "ಎಂಟು ತಿಂಗಳು ಧೂಳು ಧೂಳು ಅಂತ ಬೈದಿದ್ದೇ ಬೈದಿದ್ದು. ಈಗ ಖುಷಿ ತಾನೆ?"

ಅವನು ಗಳ ಇಳಿಸಲಿಲ್ಲ. ಸೇತುವೆ ದುರಸ್ತಿಗೆಂದು ಬಸ್ಸನ್ನು ಇತ್ತ ತಿರುಗಿಸಿದಾಗ ಬೈದದ್ದು ನಿಜ. ಆದರೆ ಇಕ್ಕಟ್ಟು ಓಣಿಯಲ್ಲಿ ಅದು ತೆವಳುವಾಗ ಕಿಟಕಿಯ ಮುಖಗಳು ಕೈಗೆಟುಕುವಷ್ಟು ಹತ್ತಿರ ಬರುತ್ತಿದ್ದವು. ಪುಟ್ಟ ಕನ್ನಡಿ ಹಿಡಿದು ಹುಬ್ಬು ತಿದ್ದುವವಳು, ಕಿಟಕಿ ಸೀಟಿಗಾಗಿ ದಿನವೂ ಕಿತ್ತಾಡುವ ಇಬ್ಬರು ಮುದುಕರು. ವರ್ಷಗಳಿಂದ ಊಟಕ್ಕೆ ಕೂತರೆ 'ಉಪ್ಪು ಕೊಡು' ಎನ್ನುವುದರಾಚೆ ಮಾತೇ ಹುಟ್ಟದಿದ್ದ ಇವರಿಬ್ಬರು, ಗಂಡ ಹೆಂಡತಿ, ಬಸ್ಸು ಬಂದಂದಿನಿಂದ ಆ ಮುಖಗಳನ್ನು ಆಡಿಕೊಂಡು ಕೈ ಒಣಗುವವರೆಗೂ ನಗುತ್ತಿದ್ದರು. ಇವತ್ತು ತಟ್ಟೆಯ ಮುಂದೆ ಕೂತು ಏನು ಮಾತಾಡುವುದು?

ತೋಳು ನೋಯತೊಡಗಿತು. ಹೆಂಡತಿ ಹೊರಗೆ ಬಂದು ಪಕ್ಕದಲ್ಲಿ ನಿಂತಳು. ಖಾಲಿ ಓಣಿಯನ್ನು ಇಬ್ಬರೂ ತುಸು ಹೊತ್ತು ನೋಡಿದರು.

"ರೀ," ಎಂದಳು ಮೆಲ್ಲಗೆ. "ಕೊನೇ ಸೀಟಲ್ಲಿ ಒಬ್ಬ ನಿದ್ದೆಬುರುಕ ಇದ್ನಲ್ಲ, ನಮ್ಮ ತಿರುವಿನ ಕುಲುಕಾಟಕ್ಕೇ ಅಲ್ವಾ ಏಳ್ತಿದ್ದಿದ್ದು? ಸೇತುವೆ ಮೇಲೆ ಬಸ್ಸು ನುಣ್ಣಗೆ ಹೋಗುತ್ತೆ. ಪಾಪ, ಇವತ್ತು ಎಲ್ಲಿ ಇಳೀತಾನೋ!"

ಅವನು ಅವಳತ್ತ ತಿರುಗಿ ನೋಡಿದ.

"ಡಿಪೋದಲ್ಲೇ," ಎಂದ. "ಎಬ್ಬಿಸಿದ ಕಂಡಕ್ಟರ್‌ಗೇ ಬೈತಾನೆ, ನೋಡ್ತಿರು."