ಮೂರನೆಯ ಆಲ್ಬಮ್ಮಿನ ವಿಮರ್ಶೆ

ಆಲ್ಬಂ ಬಂದ ವಾರವೇ ವಿಮರ್ಶೆಯೂ ಬಂತು. ಅಮೆರಿಕದ ಗುಡ್ಡಗಾಡಿನ ಬ್ಲೂಗ್ರಾಸ್ ಸಂಗೀತವನ್ನು ಮೈಸೂರಿನಲ್ಲಿ ಕೂತು ಬ್ಯಾಂಜೊ ನುಡಿಸಿಕೊಂಡು ಹಾಡುತ್ತಿದ್ದವನು ಅವನು. ವಿಮರ್ಶೆ ಬರೆದವರು ಹಿಂದೆ ಎರಡು ಸಲ ಪತ್ರಿಕೆಯಲ್ಲೇ ಅವನ ನೀರಿಳಿಸಿದ್ದರು. ಮೊದಲ ಆಲ್ಬಂ ಕೇಳಿ, ತಗಡಿನ ಡಬ್ಬ ಬಡಿದಂತಿದೆ ಎಂದಿದ್ದರು. ಎರಡನೆಯದನ್ನು ಕೇಳಿ, ಡಬ್ಬಕ್ಕೀಗ ತೂತೂ ಬಿದ್ದಿದೆ ಎಂದಿದ್ದರು.

ಈ ಸಲ ಬರೀ ಹೊಗಳಿಕೆ. ಓದುತ್ತಾ ಓದುತ್ತಾ ಅವನು ಹಿಗ್ಗಿದ. ಕೊನೆಯ ಸಾಲನ್ನು ಮಾತ್ರ ಎರಡೆರಡು ಸಲ ಓದಿದ. “ಕಡೆಯ ಹಾಡಿನಲ್ಲಿ ಗಾಯಕ ದಮ್ಮು ಸಾಲದೆ ಕೆಮ್ಮುತ್ತಾನೆ. ಆ ಕೆಮ್ಮೂ ಸಂಗೀತವೇ.”

ಸ್ಟುಡಿಯೊದಲ್ಲಿ ಎಷ್ಟು ಸಲ ಹಾಡಿದರೂ ಹೋಗದೆ ಉಳಿದುಬಿಟ್ಟ ಕೆಮ್ಮು ಅದು. ತಾಳ ಕೂದಲೆಳೆಯಷ್ಟು ತಪ್ಪಿದರೂ ಬಿಡದ ವಿಮರ್ಶಕರು ಅದನ್ನೂ ಹೊಗಳಿದ್ದರು.

“ನೀನು ಅವರ ಮನೆಗೆ ಹೋಗಿದ್ಯಾ?” ಎಂದು ಹೆಂಡತಿಯನ್ನು ಕೇಳಿದ.

ಅವಳು ಬಿಸಿನೀರಿನ ಲೋಟ ತಂದು ಮುಂದಿಟ್ಟಳು. “ಕುಡೀರಿ. ಕಫ ಕರಗತ್ತೆ.”

“ಕೇಳಿದ್ದಕ್ಕೆ ಹೇಳು. ಹೋಗಿದ್ಯಾ?”

“ಹೋಗಿದ್ದೆ.”

“ಕಾಲಿಗೆ ಬಿದ್ದು ಬರೆಸಿದ್ಯಾ? ನನ್ನ ಮಾನ ತೆಗೆದ್ಬಿಟ್ಟೆ.”

“ಇಲ್ಲಾರೀ. ಒಳ್ಳೇದು ಬರೀರಿ ಅಂತ ನಾನು ಬಾಯ್ಬಿಟ್ಟು ಕೇಳಲೇ ಇಲ್ಲ.”

“ಮತ್ತೆ ಅವರ ಹತ್ರ ಏನು ಹೇಳ್ದೆ?”

ಅವಳು ಪತ್ರಿಕೆಯನ್ನು ಅವನ ಕೈಯಿಂದ ತೆಗೆದುಕೊಂಡು, ವಿಮರ್ಶೆಯ ಪುಟವೇ ಮೇಲೆ ಬರುವಂತೆ ನಿಧಾನವಾಗಿ ಮಡಿಸಿದಳು.

“ಅವತ್ತು ನಿಮ್ಮನ್ನ ಹೊರಗೆ ಕೂರಿಸಿ ಡಾಕ್ಟ್ರು ನನಗೊಬ್ಬಳಿಗೇ ಹೇಳಿದ್ರಲ್ಲ, ಅಷ್ಟನ್ನೇ ಹೇಳಿ ಬಂದೆ.”