ನಲ್ಲಿಯ ಮೇಲಿನ ಕೈ

"ಫೋಟೊ ಚೆನ್ನಾಗಿ ಬಂತು, ನಲ್ಲಿ ನಿಲ್ಲಿಸಿ ಮೇಡಂ," ಎಂದರು ಕೇಂದ್ರ ಸರ್ಕಾರದ ತಪಾಸಣಾಧಿಕಾರಿ. ಪುರಸಭೆಯ ಅಧ್ಯಕ್ಷೆ ನಲ್ಲಿಯಿಂದ ಕೈ ತೆಗೆಯಲಿಲ್ಲ.

ಬೆಳಿಗ್ಗೆಯಷ್ಟೇ ಟ್ಯಾಂಕರ್ ತರಿಸಿ ಆ ಒಣ ಪೈಪಿಗೆ ನೀರು ತುಂಬಿಸಿದ್ದ ಇಂಜಿನಿಯರ್ ಅವಳ ಕಿವಿಯ ಬಳಿ ಬಾಗಿದ. "ಮುಚ್ಚಿಬಿಡಿ ಅಕ್ಕಾ! ನೀರು ಬಂದಿದೆ ಅಂತ ಅವರು ಬರೆದುಕೊಂಡರೇನೇ ಅನುದಾನದ ಮುಂದಿನ ಕಂತು. ಇಲ್ಲಾಂದ್ರೆ ಕಸ ಗುಡಿಸೋರ ಸಂಬಳಕ್ಕೂ ಕಲ್ಲು ಬೀಳುತ್ತೆ."

"ಬಂದಿದೆ ಅಂತ ಬರೆದುಕೊಂಡವರು ಮತ್ತೆ ನೀರು ಕೊಡ್ತಾರೇನಪ್ಪಾ?"

ಕೊಡಗಳ ಸಾಲಿನಲ್ಲಿ ಮುಂದೆ ನಿಂತಿದ್ದ ಅವಳ ಅತ್ತೆ ತನ್ನ ಕೊಡವನ್ನು ನಲ್ಲಿಯಡಿ ಇಟ್ಟು ಕುಟುಕಿದಳು: "ನಿನ್ನ ಅಧಿಕಾರದಲ್ಲಿ ನನ್ನದೊಂದು ಕೊಡವಾದ್ರೂ ತುಂಬುತ್ತೇನೇ?"

ಅಧಿಕಾರಿ ಪೆನ್ನು ತೆಗೆದರು. ಅತ್ತೆಯ ಕೊಡ ಅರ್ಧಕ್ಕೆ ಬರುವಷ್ಟರಲ್ಲಿ ಧಾರೆ ದಾರವಾಯಿತು, ದಾರ ಹನಿಯಾಯಿತು, ಆಮೇಲೆ ಪೈಪಿನೊಳಗಿನ ಗಾಳಿ ಸಿಳ್ಳೆ ಹೊಡೆಯಿತು. ಇಂಜಿನಿಯರ್ ಕಣ್ಣು ಮುಚ್ಚಿಕೊಂಡ.

ಅಧ್ಯಕ್ಷೆ ನಲ್ಲಿ ಬಿಟ್ಟು ಪಕ್ಕಕ್ಕೆ ಸರಿದಳು. "ಈಗ ತೆಗೀರಿ ಸಾರ್ ಫೋಟೊ."